ತಾವರೆಗೆ ಮೂರು ಮನೆ



ಕಂಪ್ಯೂಟರ್ ಬಗ್ಗೆ ಮಾತಾಡು ಎಂದಿದ್ದರು. ನಾನು ಪದಬಂಧದ ಬಗ್ಗೆ ಮಾತಾಡುತ್ತೇನೆ, ಕಂಪ್ಯೂಟರ್ ತಾನಾಗಿಯೇ ಬರುತ್ತದೆ.

ಬೆಳಗಿನ ಬಸ್ಸಿಗೆ ಬರುತ್ತಿದ್ದ ಪೇಪರನ್ನು ಕನ್ನಡ ಮೇಷ್ಟ್ರು ಓದಿ ಮುಗಿಸಿ, ಊಟದ ಬಿಡುವಿನಲ್ಲಿ ಪದಬಂಧದ ಪುಟವನ್ನು ನಮಗೆ ಕೊಡುತ್ತಿದ್ದರು. ಒಂದೇ ಷರತ್ತು, ಪೆನ್ಸಿಲ್‌ನಲ್ಲೇ ಬರೆಯಬೇಕು. ಒಂದು ದಿನ ಎಡದಿಂದ ಬಲಕ್ಕೆ ಇದ್ದ ಸುಳಿವು: ತಾವರೆ, 3 ಅಕ್ಷರ. ಒಬ್ಬ ಪೆನ್ನು ತೆಗೆದು 'ಕಮಲ' ಎಂದು ಬರೆದೇಬಿಟ್ಟ. ಮೇಷ್ಟ್ರು ನೋಡಿ, "ಪಂಕಜ, ಸರೋಜ, ಜಲಜ, ನೀರಜ, ವಾರಿಜ, ಅಂಬುಜ, ಇವರೆಲ್ಲ ಎಲ್ಲಿಗೆ ಹೋಗಬೇಕೋ?" ಎಂದರು. (ಈ ಹೆಸರಿನ ತಾಯಂದಿರ ಮಕ್ಕಳು ಇಲ್ಲೇ ಕೂತು ನಗುತ್ತಿದ್ದಾರೆ.) ಮೇಲಿನಿಂದ ಕೆಳಕ್ಕೆ ನೋಡಿದರೆ, 'ಮನೆ ಮುಂದಿನ ಕಟ್ಟೆ' ಜಗಲಿ. ಹಾಗಾಗಿ ಕೊನೆಯ ಮನೆ 'ಜ', ಕಮಲ ಹೋಯಿತು. 'ಆಕಾಶದ ಬಣ್ಣ' ನೀಲಿ. ಮೊದಲ ಮನೆ 'ನೀ'. ಉಳಿದದ್ದು ನೀರಜ ಒಂದೇ.

ಈ ಆಟ ಶುರುವಾದದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ. ರಚಿಸಿದವರು ಆರ್ಥರ್ ವಿನ್. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲೆಟರ್. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿದ ಇಡೀ ಅಕ್ಷರಕ್ಕೆ ಒಂದು ಮನೆ. 'ಕನ್ನಡ' ಎಂದರೆ ಮೂರು ಮನೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಒಂದು ಅರ್ಜಿಯ ತಂತ್ರಾಂಶದಲ್ಲಿ ಹೆಸರಿಗೆ 10 ಅಕ್ಷರ ಸಾಕು ಎಂದು ನಾನೇ ಮಿತಿ ಹಾಕಿದೆ. ಪರೀಕ್ಷೆಗೆ 'ಕೃಷ್ಣಮೂರ್ತಿ' ಎಂದು ಕೊಟ್ಟರೆ 'ಕೃಷ್ಣಮೂರ್ತ' ಎಂದು ಬಂತು. ಗುಡಿಸೇ ಮಾಯ! ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಪದಬಂಧದ ಮನೆಗಳು ನೆನಪಾದವು. ನಮಗೆ ಕೃ, ಷ್ಣ, ಮೂ, ರ್ತಿ, ನಾಲ್ಕೇ ಮನೆ. ಕಂಪ್ಯೂಟರ್ ಮಾತ್ರ ಯೂನಿಕೋಡ್ ಪ್ರಕಾರ ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸಿ 11 ಎನ್ನುತ್ತದೆ. ಹನ್ನೊಂದನೆಯದೇ ಆ ಗುಡಿಸು. ಪರೀಕ್ಷೆಯಲ್ಲಿ ಸಿಗದಿದ್ದರೆ ಯಾರದೋ ಹೆಸರು ದಾಖಲೆಯಲ್ಲಿ ಹಾಗೇ ತುಂಡಾಗಿ ಉಳಿಯುತ್ತಿತ್ತು.

ಇನ್ನೊಂದು ಮಾತು ಬಾಕಿಯಿದೆ. ಅವತ್ತು ಪೆನ್ನಿನಲ್ಲಿ ಬರೆದದ್ದಕ್ಕೆ ಬೈಸಿಕೊಂಡವನು ನನ್ನ ಪಕ್ಕ ಕೂರುತ್ತಿದ್ದ ಗೆಳೆಯ. ಒಂದು ವಾರ ಅವನಿಗೆ ಪದಬಂಧ ಸಿಗಲಿಲ್ಲ. ಅವನೂ ಇಲ್ಲಿ ಬಂದಿದ್ದಾನೆ. ಮೇಷ್ಟ್ರೇ, 'ಕಮಲ' ಬರೆದವನು ಅವನಲ್ಲ, ನಾನು.