ಸ್ತನಾರ್ಬುದವೂ ಭಕ್ತರ ದಾಸೋಹವೂ



ಇಳಕಲ್ಲಿನ ವಿಜಯಮಹಾಂತೇಶ ಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಜೋಳಿಗೆಯನ್ನು ಹಿಡಿದು ಊರೂರು ತಿರುಗಲಾರಂಭಿಸಿದ ಸಂಗತಿಯು ಈ ಪ್ರಾಂತದಲ್ಲಿ ಆಬಾಲವೃದ್ಧರಿಗೂ ತಿಳಿದಿರತಕ್ಕದ್ದೇ ಸರಿ. ಜಂಗಮರ ಜೋಳಿಗೆಗೆ ಕಾಳು, ಹಿಟ್ಟು ಬೀಳುವದು ವಾಡಿಕೆ. ಆ ಜೋಳಿಗೆಯಾದರೋ ಭಕ್ತನ ದುಶ್ಚಟವನ್ನೇ ಭಿಕ್ಷೆಯಾಗಿ ಬೇಡಿತು. ಬೀಡಿ, ತಂಬಾಕು, ಗುಟಕಾ, ಮದ್ಯ ಮುಂತಾಗಿ ಯಾವುದನ್ನು ಮನುಷ್ಯನು ಬಚ್ಚಿಟ್ಟುಕೊಂಡು ಹಿರಿಯರೆದುರಿಗೆ ನಾಚುತ್ತಿದ್ದನೋ, ಅದನ್ನೇ ಹತ್ತು ಜನರ ಮುಂದೆ ತೆಗೆದು ಹಾಕಬೇಕಾಗಿತ್ತು. ಸ್ವಾಮಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಗೊತ್ತುಮಾಡಿರುವದು.

ಬಾಯಿ ಗಂಟಲುಗಳ ಅರ್ಬುದಕ್ಕೆ, ಅಂದರೆ ಜನರು ಕ್ಯಾನ್ಸರೆಂದು ಕರೆಯುವ ರೋಗಕ್ಕೆ, ತಂಬಾಕು ಮುಖ್ಯ ಕಾರಣವಾಗಿರುವದರಿಂದ ಅದನ್ನು ಬಿಡಿಸಿದ್ದು ದೊಡ್ಡ ಉಪಕಾರವೇ ಆಯಿತು. ಸ್ತನಾರ್ಬುದದ ಮಾತು ಹಾಗಲ್ಲ. ಜನ್ಮದಲ್ಲಿ ತಂಬಾಕನ್ನು ಮುಟ್ಟದ, ರೊಟ್ಟಿ ಪಲ್ಯ ಉಂಡು ನಿತ್ಯ ಲಿಂಗಪೂಜೆ ಮಾಡಿಕೊಂಡಿರುವ ತಾಯಿಗೂ ಅದು ಬರುವದು. ವಯಸ್ಸು ಏರಿದಂತೆ ಸಂಭವವು ಹೆಚ್ಚುವದು. ಕೆಲವು ಮನೆತನಗಳಲ್ಲಿ ರಕ್ತಸಂಬಂಧದಿಂದಲೂ ಇಳಿದು ಬರುವದುಂಟು. ಹೀಗಿದ್ದೂ ಯಾವ ಜನ್ಮದ ಕರ್ಮವೋ ಎಂದು ನೆರೆಹೊರೆಯವರು ಆಡಿಕೊಳ್ಳುವರು. ಕೆಲವರು ಅಂಟುಜಾಡ್ಯವೆಂದು ಬಗೆದು ಅವಳ ತಾಟು ತಂಬಿಗೆಗಳನ್ನು ಬೇರೆ ಇಡುವರು. ಇದು ಅಂಟುವ ರೋಗವಲ್ಲ. ಕರ್ಮದ ಮಾತನ್ನಾಡುವವರಿಗೆ ಶಾಸ್ತ್ರವೂ ತಿಳಿಯದು, ವೈದ್ಯವೂ ತಿಳಿಯದು ಎಂದೇ ಹೇಳಬೇಕಾಗುವದು.

ಭಾರತದ ಸ್ತ್ರೀಯರಿಗೆ ಬರುವ ಅರ್ಬುದಗಳಲ್ಲಿ ಇದೇ ಮೊದಲನೆಯದು. ಜಾಗತಿಕ ಗಣನೆಯ ಅಂದಾಜಿನಂತೆ ೨೦೨೨ರಲ್ಲಿ ಈ ದೇಶದೊಳಗೆ ಹೊಸದಾಗಿ ಇದಕ್ಕೆ ಈಡಾದವರು ಸುಮಾರು ೧,೯೨,೦೦೦. ಮಡಿದವರು ಸುಮಾರು ೯೮,೦೦೦. ರೋಗವು ಬಲಿತ ಮೇಲೆ ವೈದ್ಯರ ಬಳಿಗೆ ಬರುವದೇ ಇಷ್ಟು ಮರಣಕ್ಕೆ ದೊಡ್ಡ ಕಾರಣ.

ತಡವಾಗುವದೇಕೆ? ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣವನ್ನು ಹೇಳುವಾಗ ಅದು ದುಂಡಾದುದು, ಅಲುಗದಂಥದು, ಆಳಕ್ಕೆ ಬೇರೂರಿದುದು, ನಿಧಾನವಾಗಿ ಬೆಳೆಯುವದು ಎಂಬುದರೊಡನೆ ಅದರ ನೋವು ಮಂದವೆಂಬ ಮಾತೂ ಬಂದಿರುವದು. ಇದನ್ನು ತಾಯಂದಿರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ನೋವಿದ್ದರೆ ಯಾರಾದರೂ ವೈದ್ಯರಲ್ಲಿಗೆ ಓಡುವರು. ನೋವಿಲ್ಲದ ಗಂಟನ್ನು ಜಾತ್ರೆ ಮುಗಿಯಲಿ, ರಾಶಿ ಆಗಲಿ, ಮಗಳ ಮದುವೆ ಕಳೆಯಲಿ ಎಂದು ಮುಂದಕ್ಕೆ ಹಾಕುವರು. ಗಂಟುಗಳೆಲ್ಲವೂ ಅರ್ಬುದಗಳಲ್ಲ, ಹೆಚ್ಚಿನವು ನಿರುಪದ್ರವಿಗಳೇ. ಆದರೆ ಯಾವುದು ಯಾವುದೆಂಬದನ್ನು ಮನೆಯಲ್ಲಿ ಕುಳಿತು ನಿರ್ಣಯಿಸಲಾಗದು.

ನೋವಿಗಿಂತಲೂ ಹೆಚ್ಚಾಗಿ ತಡೆಯುವದು ಲಜ್ಜೆ. ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಇಳಕಲ್ಲ ಸೀರೆಯ ಸೆರಗನ್ನು ತಲೆತುಂಬ ಹೊದ್ದುಕೊಳ್ಳುವ ನಾಡಿದು. ಸೊಸೆಯು ಅತ್ತೆಗೆ ಹೇಳಲಾರಳು, ಅತ್ತೆಯು ಮಗನಿಗೆ ಹೇಳಲಾರಳು. ಗಂಡನಿಗೆ ತಿಳಿಯುವ ಹೊತ್ತಿಗೆ ಗಂಟು ಹುಣ್ಣಾಗಿ ಒಡೆದಿರುವದು. ಮಹಾಂತ ಸ್ವಾಮಿಗಳ ಜೋಳಿಗೆಗೆ ಗಂಡಸರು ಚಟವನ್ನು ಹಾಕಿದರು. ಹೆಣ್ಣುಮಕ್ಕಳು ಹಾಕಬೇಕಾದುದು ಈ ವಿಷಯದಲ್ಲಿಯ ಲಜ್ಜೆಯನ್ನು. ಲಜ್ಜೆಯೇ ಕೆಟ್ಟದ್ದೆಂದು ಇಲ್ಲಿ ಅಭಿಪ್ರಾಯವಲ್ಲ. ಪ್ರಾಣಕ್ಕೆ ಎರವಾಗುವ ಲಜ್ಜೆ ಮಾತ್ರ ಬೇಡ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಲ್ಲಿ ಒಂದು ದೊಡ್ಡ ಸಂಶೋಧನೆಯನ್ನು ಕೈಕೊಂಡರು. ೧,೫೧,೫೩೮ ಸ್ತ್ರೀಯರನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರ ಸ್ತನಗಳನ್ನು ತರಬೇತಿ ಹೊಂದಿದ ಆರೋಗ್ಯಸೇವಕಿಯರು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಬೆಲೆಬಾಳುವ ಯಂತ್ರದ ಅವಶ್ಯಕತೆಯಿರಲಿಲ್ಲ. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶವೇನೆಂದರೆ, ೫೦ ವರ್ಷ ಮತ್ತು ಮೇಲ್ಪಟ್ಟವರಲ್ಲಿ ಈ ರೋಗದ ಮರಣವು ಶೇಕಡಾ ೩೦ರಷ್ಟು ಇಳಿಯಿತು. ಅದಕ್ಕೂ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂಬದನ್ನೂ ಮುಚ್ಚಿಡದೆ ಹೇಳಬೇಕು. ಇಪ್ಪತ್ತು ವರ್ಷ ಕಾದು ಪಡೆದ ಜ್ಞಾನವಿದು. ಇಂಥ ಸಂಶೋಧನೆಗೆ ಹಣ ಬೇಕು. ಗುಡಿಯ ಕಳಸಕ್ಕೆ ಕೊಡುವ ಕೈಗಳು ಇದಕ್ಕೆ ಹಿಂದೆಗೆಯುವದು ವಿಚಿತ್ರವಾಗಿ ತೋರುವದು.

ಬಡವರ ಚಿಕಿತ್ಸೆಗೆ ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಿಂದ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ನೆರವುಂಟು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ೧೯೭೩ರಿಂದ ಇದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಅರ್ಬುದದ ಆಸ್ಪತ್ರೆಯಿದೆ. ಆದರೂ ಕಿರಣಚಿಕಿತ್ಸೆಗೆ ವಾರದಲ್ಲಿ ಐದು ದಿನದಂತೆ ಹಲವು ವಾರ ಹೋಗಬೇಕಾಗುವದು. ಹುನಗುಂದದ ಕೂಲಿಕಾರ್ತಿಯು ಅಷ್ಟು ದಿನ ಎಲ್ಲಿ ಉಳಿಯಬೇಕು? ಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಬಡಿದು ಹಾಕುವವರಾರು? ನಿಂತ ಮಗ್ಗದ ಕೂಲಿಯನ್ನು ಕೊಡುವವರಾರು? ಯೋಜನೆಯ ಕಾಗದದಲ್ಲಿ ಇವುಗಳಿಗೆ ಸ್ಥಳವಿಲ್ಲ. ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಊರಿಗೆ ಮರಳುವದು ಇಂಥ ತೊಡಕುಗಳಿಂದಲೇ.

ಸ್ವಯಂಸೇವೆಯಿಂದ ಏನು ಸಾಧ್ಯವೆಂಬದಕ್ಕೆ ಎರಡು ನಿದರ್ಶನಗಳು ಸಾಕು. ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು, ಅರ್ಬುದದಿಂದ ತಮ್ಮ ತಂಗಿಯನ್ನು ಕಳೆದುಕೊಂಡ ದುಃಖವನ್ನು ಮರೆಯದೆ, ಮಹಿಳಾಸಂಘದ ಮೂಲಕ ನಿಧಿ ಕೂಡಿಸಿ ೧೯೫೪ರಲ್ಲಿ ಅಡ್ಯಾರಿನ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲಿಗೆ ಹಾಸಿಗೆಗಳು ಹನ್ನೆರಡೇ. ಬೆಂಗಳೂರಿನ ಕರುಣಾಶ್ರಯವು ೧೯೯೪ರಲ್ಲಿ ಹುಟ್ಟಿದ ಧರ್ಮಸಂಸ್ಥೆ. ಗುಣವಾಗುವ ಆಸೆ ಉಳಿಯದ ಅರ್ಬುದರೋಗಿಗಳನ್ನು ಹಣ ಪಡೆಯದೆ ಕೊನೆಯವರೆಗೆ ಪಾಲಿಸುವದು.

ಈ ಭಾಗದಲ್ಲಿ ಆಸ್ಪತ್ರೆಯನ್ನೇ ಕಟ್ಟಬೇಕಾಗಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳ ಹೆಸರಿನ ಆಸ್ಪತ್ರೆಯು ಬಾಗಲಕೋಟೆಯಲ್ಲಿಯೇ ಇರುವದು; ಗಂಟಿನ ಪರೀಕ್ಷೆಗೆ ಮೊದಲು ಅಲ್ಲಿಗೆ ಹೋಗಬಹುದು. ಬಾದಾಮಿ, ಇಳಕಲ್ಲುಗಳ ಹಳ್ಳಿಗಳಿಂದ ಬರುವವಳಿಗೆ ಬೇಕಾದುದು ಬಸ್ಸಿನ ಖರ್ಚು, ಬುತ್ತಿ, ಚೀಟಿ ಬರೆಯಿಸಿ ವೈದ್ಯರ ಮಾತನ್ನು ತಿಳಿಯಹೇಳುವ ಒಬ್ಬ ಸಂಗಾತಿ. ಅವಳೊಡನೆ ಒಳಗಿನ ಕೋಣೆಯವರೆಗೆ ಹೋಗಲು ಇನ್ನೊಬ್ಬ ಹೆಣ್ಣುಮಗಳೇ ಆಗಬೇಕು. ತಿಂಗಳಿಗೆ ಎರಡು ದಿನ ಈ ಸೇವೆಗೆ ಕೊಡಬಲ್ಲ ತಾಯಂದಿರು, ಇಂದಿನ ಪ್ರಸಾದವಾದ ತರುವಾಯ ದಾಸೋಹಮನೆಯ ಕಟ್ಟೆಯ ಬಳಿ ಕೂಡಿ ತಮ್ಮ ಊರು ಹೆಸರುಗಳನ್ನು ಬರೆಯಿಸಬೇಕೆಂದು ವಿನಂತಿ.