ಹೆಲ್ಮೆಟ್ ಮತ್ತು ತಕ್ದೀರ್



ಹೆಲ್ಮೆಟ್ ಹಾಕಿಕೊಳ್ಳಿ ಎಂದರೆ ನಮ್ಮ ಕೆಲವು ಯುವಕರಲ್ಲಿ ಉತ್ತರ ಸಿದ್ಧವಿರುತ್ತದೆ: "ಉಸ್ತಾದ್, ಅಜಲ್ ಬಂದರೆ ಹೆಲ್ಮೆಟ್ ತಡೆಯುತ್ತದೆಯೇ?" ಕೇಳಲು ಈಮಾನಿನ ಮಾತಿನಂತೆಯೇ ಇದೆ. ಆದರೆ ಇಂಥ ಪ್ರಶ್ನೆಯನ್ನು ನಮಗಿಂತ ಎಷ್ಟೋ ಮೇಲಿನವರು ಕೇಳಿದ್ದಾರೆ, ಅದಕ್ಕೆ ಉತ್ತರವೂ ಸಿಕ್ಕಿದೆ.

ಖಲೀಫ ಉಮರ್(ರ) ಸಿರಿಯಾದ ಕಡೆಗೆ ಹೊರಟು ಸರ್ಗ್ ಎಂಬಲ್ಲಿಗೆ ತಲಪಿದಾಗ ಸೇನಾನಾಯಕ ಅಬೂ ಉಬೈದಾ(ರ) ಮತ್ತು ಸಂಗಡಿಗರು ಎದುರಾಗಿ, ಅಲ್ಲಿ ಪ್ಲೇಗ್ ಹಬ್ಬಿದೆ ಎಂದು ತಿಳಿಸಿದರು. ಉಮರ್(ರ) ಒಬ್ಬರೇ ತೀರ್ಮಾನಿಸಲಿಲ್ಲ. ಮುಹಾಜಿರರನ್ನು ಕರೆದು ಕೇಳಿದರು, ಭಿನ್ನಾಭಿಪ್ರಾಯ ಬಂತು. ಅನ್ಸಾರರನ್ನು ಕೇಳಿದರು, ಅಲ್ಲೂ ಅದೇ. ಕೊನೆಗೆ ಕುರೈಶರ ಹಿರಿಯರು ಮಾತ್ರ, ಜನರನ್ನು ಪ್ಲೇಗಿನ ಬಾಯಿಗೆ ಒಯ್ಯಬೇಡಿ ಎಂದು ಒಕ್ಕೊರಲಿನಿಂದ ಹೇಳಿದರು. ಮರಳುವ ಆಜ್ಞೆಯಾಯಿತು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಕೇಳಿದ್ದು ಆಗಲೇ. ಹೌದು, ಅವನದೇ ಇನ್ನೊಂದು ವಿಧಿಯ ಕಡೆಗೆ ಎಂಬುದು ಉಮರ್(ರ)ರ ಉತ್ತರದ ತಿರುಳು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬರಡು. ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಎಂದು ಉದಾಹರಣೆ ಕೊಟ್ಟರು. ಬಳಿಕ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ), ಪ್ಲೇಗ್ ಇರುವ ಊರಿಗೆ ಹೋಗಬಾರದು, ನೀವಿರುವ ಊರಿಗೆ ಅದು ಬಂದರೆ ಅಲ್ಲಿಂದ ಓಡಲೂಬಾರದು ಎಂಬ ಪ್ರವಾದಿ(ಸ)ರ ಆದೇಶವನ್ನು ತಿಳಿಸಿದಾಗ ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು.

ಜನರ ಪ್ರಾಣ ಆಡಳಿತಗಾರನ ಹೊಣೆ. ನಮ್ಮ ನಾಡಿನ ಕಾನೂನನ್ನೂ ಇದೇ ಕಣ್ಣಿನಿಂದ ನೋಡೋಣ, ಪೊಲೀಸರು ದಂಡ ವಸೂಲಿಗೆ ನಿಂತಿದ್ದಾರೆ ಎಂದಷ್ಟೇ ಅಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಹದಿನೆಂಟು ತುಂಬದ ಮಗ ಬೈಕ್ ಓಡಿಸಿ ಅಪರಾಧವಾದರೆ ಹೆತ್ತವರಿಗೆ ಅಥವಾ ವಾಹನದ ಮಾಲಕನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹತ್ತನೇ ತರಗತಿ ಪಾಸಾದ ಮಗನಿಗೆ ಬೈಕ್ ಉಡುಗೊರೆ ಕೊಡುವ ತಂದೆಯಂದಿರು ಇದನ್ನು ಗಮನಿಸಬೇಕು. ಅದೇ ಕಾಯ್ದೆ ಒಳಿತು ಮಾಡುವವನಿಗೆ ರಕ್ಷಣೆಯನ್ನೂ ಕೊಟ್ಟಿದೆ: ಅಪಘಾತದ ಗಾಯಾಳುವನ್ನು ಸದುದ್ದೇಶದಿಂದ ಆಸ್ಪತ್ರೆಗೆ ಸೇರಿಸಿದವನ ಮೇಲೆ ಕೇಸು ಹಾಕುವಂತಿಲ್ಲ. ಇನ್ನು ಹೆದರಿ ದೂರ ನಿಲ್ಲಬೇಕಾಗಿಲ್ಲ.

ಗುಂಡಿ ಮುಚ್ಚುವುದೂ ಆಡಳಿತದ್ದೇ ಹೊಣೆ; ಅದನ್ನು ಪಂಚಾಯತಿಗೆ ಹೋಗಿ ಕೇಳೋಣ, ಬಿಡುವುದು ಬೇಡ. ಆದರೆ ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಶಾಖೆ ಎಂದು ಮದ್ರಸದಲ್ಲಿ ಕಲಿತವರೇ ಜುಮಾಕ್ಕೆ ಬಂದು ರಸ್ತೆಗೆ ಅಡ್ಡ ಕಾರು ನಿಲ್ಲಿಸಿದರೆ ಅಂಬ್ಯುಲೆನ್ಸ್ ಎಲ್ಲಿಂದ ಹೋಗಬೇಕು? ಮುಂದಿನ ಶುಕ್ರವಾರದಿಂದ ಕಾರುಗಳಿಗೆ ಮದ್ರಸದ ಅಂಗಳ ತೆರೆದಿರುತ್ತದೆ. ಜಾಗ ತೋರಿಸಲು ಇಬ್ಬರು ಯುವಕರು ಗೇಟಿನ ಬಳಿ ಇರುತ್ತಾರೆ, ಅವರೊಂದಿಗೆ ಸಹಕರಿಸಿ.