ಸರಿಸುವ ನಡುಗೋಡೆ: ಕೊಳ್ಳುವ ಮುನ್ನ ನಾಲ್ಕು ಮಾತು
(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ತುಂಬಿದ ನೆನಪಿಗೆ ನಾವು ಸಭಾಭವನ ಕಟ್ಟಲು ಹೊರಟಿದ್ದೇವೆ. ಒಂದು ಕಡೆ ಮದುವೆ, ಇನ್ನೊಂದು ಕಡೆ ಸಂಘದ ಸಭೆ. ಬೇಕಾದಾಗ ಎರಡೂ ಒಂದಾಗ್ಬೇಕು. ಅದಕ್ಕೆ ಸರಿಸುವ ನಡುಗೋಡೆ ಬೇಕೆಂಬುದು ನಮ್ಮೆಲ್ಲರ ಆಸೆ.

ಚಳ್ಳಕೆರೆ ಕಂಬಳಿ ಇಳಿಬಿಟ್ರೆ ಸಾಲದೇ ಅಂತ ಕೆಲವರು ಕೇಳ್ತಾರೆ. ಉಣ್ಣೆ ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸುತ್ತದೆ, ನಿಜ. ಆದರೆ ಆಚೆಯ ವಾಲಗವನ್ನು ತಡೆಯಲಾರದು. ಸದ್ದು ತಡೆಯೋದಕ್ಕೆ ಗೋಡೆಗೆ ತೂಕ ಬೇಕು, ಎಲ್ಲೂ ಸಂದು ಇರಬಾರದು. ಅದಕ್ಕೇ ಇಂಥ ಗೋಡೆಯ ಭಾರದ ಹಲಗೆಗಳು ಮೇಲಿನ ಹಳಿಗೆ ನೇತುಬಿದ್ದು ಸರಿಯುತ್ತವೆ. ಜೋಡಿಸಿದ ಮೇಲೆ ಮೇಲೂ ಕೆಳಗೂ ರಬ್ಬರ್ ಪಟ್ಟಿ ಒತ್ತಿಕೊಳ್ಳುತ್ತದೆ. 100 ಚದರ ಅಡಿ ಗೋಡೆಯಲ್ಲಿ 1 ಚದರ ಅಡಿ ಸಂದು ಉಳಿದರೂ, ಗೋಡೆ ಎಷ್ಟೇ ಗಟ್ಟಿಯಿರಲಿ, ತಡೆಯುವುದು ಸುಮಾರು 20 ಡೆಸಿಬೆಲ್ ಮಾತ್ರ. ಅಷ್ಟಕ್ಕೆ ಪಕ್ಕದ ಮಾತು ಚೆನ್ನಾಗೇ ಕೇಳ್ತದೆ.

ಹಳಿ ಹೊರುವ ತೊಲೆ ಗಟ್ಟಿಯಿರಬೇಕು. ಹಳಿಯ ಮೇಲಿನಿಂದ ಚಾವಣಿಯವರೆಗೂ ಗೋಡೆ ಮುಚ್ಚಿರಬೇಕು. ತಗಡಿನ ಮಾಡಿಗೆ ಆಮೇಲೆ ನೇತುಹಾಕ್ತೀವಿ ಅಂದ್ರೆ ಆಗೋ ಕೆಲಸವಲ್ಲ, ನಕ್ಷೆಯಲ್ಲೇ ತೀರ್ಮಾನವಾಗಬೇಕು.

ತಂದೆತಾಯಿಯರ ಮಾತು ಕೇಳಿರೆಂದು ಅಶೋಕ ಬಂಡೆಯ ಮೇಲೆ ಬರೆಸಿದ ಬ್ರಹ್ಮಗಿರಿ ನಮ್ಮದು. ಸಹಕಾರವೂ ಕೇಳಿಸಿಕೊಳ್ಳೋದರ ಮೇಲೇ ನಿಂತಿದೆ. ಹಿಂದಿನ ಸಾಲಿನ ಅಕ್ಕನಿಗೆ ಲೆಕ್ಕಪತ್ರ ಕೇಳಿಸದೆ ಕೈ ಎತ್ತಿಸಿದರೆ ಅದು ಒಪ್ಪಿಗೆಯಾಗದು. ಒಳ್ಳೆ ನಡುಗೋಡೆಗೆ ಹಣ ಸಾಲದಿದ್ದರೆ ಸಭೆಗೆಂದೇ ಬೇರೆ ಇಟ್ಟಿಗೆ ಕೋಣೆ ಕಟ್ಟೋಣ. ತೆಳು ಹಲಗೆಗೆ ಸದಸ್ಯರ ದುಡ್ಡು ಸುರಿಯೋದು ಬೇಡ.